ಬಿ.ಎ. ಓದುವ ಮಕ್ಕಳ ಮುಂದೆ ಒಬ್ಬ ಇಂಜಿನಿಯರನ ಮಾತು

(ರಾಯಚೂರಿನಲ್ಲಿ ಪದವಿ ವಿದ್ಯಾರ್ಥಿಗಳು ಹಾಗೂ ಪಾಲಕರಿಗಾಗಿ ಏರ್ಪಡಿಸಿದ್ದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಕಲಾ ವಿಭಾಗದ ಮಕ್ಕಳ ಮುಂದಿನ ದಾರಿಯ ಬಗ್ಗೆ ಮಾತಾಡಲು ಒಬ್ಬ ಪ್ರಾಧ್ಯಾಪಕರನ್ನು ಕರೆಸಬೇಕೆಂದು ಸಂಘಟಕರು ಯೋಚಿಸಿದ್ದರು. ನಾನೇ ಕೇಳಿಕೊಂಡು ಈ ಅವಕಾಶ ಪಡೆದೆ. ಮೂವತ್ತೈದು ವರ್ಷ ನೀರಾವರಿ ಇಲಾಖೆಯಲ್ಲಿ ಕಾಲುವೆ, ತೂಬು, ಗೇಜು ಎಂದು ಓಡಾಡಿದ ನನಗೆ ಇಲ್ಲೇನು ಕೆಲಸ ಎಂದು ನೀವು ಕೇಳಬಹುದು. ನನ್ನ ಮೇಲೊಂದು ಸಾಲ ಇದೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನನ್ನ ತಂಗಿಯ ಮಗ ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದ. ಅವನಿಗೆ ಇತಿಹಾಸದ ಹುಚ್ಚು. ರಜೆಗೆ ನಮ್ಮ ಮನೆಗೆ ಬಂದರೆ ರಾಯಚೂರು ಕೋಟೆಗೆ ಹೋಗಿ ಆ ನಲವತ್ತು ಅಡಿಗೂ ಮೀರಿದ ಕಲ್ಲಿನ ಮುಂದೆ ಕೂಡುವವನು. 1294ರ ಶಾಸನ ಇರುವ ಕಲ್ಲು ಅದು. ಬರೆದದ್ದು ತೆಲುಗಿನಲ್ಲಿ. ಅದನ್ನು ಓದಬೇಕೆಂದು ತೆಲುಗು ಅಕ್ಷರ ಕಲಿತಿದ್ದ ಹುಡುಗ. ತಂಗಿ ನನ್ನನ್ನು ಕೇಳಿದಳು, "ಅಣ್ಣಾ, ಆರ್ಟ್ಸ್ ತಗೋತೀನಿ ಅಂತಾನ, ಏನ್ ಮಾಡಲಿ?" ನಾನು ಒಂದು ನಿಮಿಷವೂ ಯೋಚಿಸಲಿಲ್ಲ. "ಫೇಲಾದವರು ಹೋಗೋ ಕಡೆ ಇವನ್ನ ಯಾಕ ಕಳಸ್ತೀ? ಸೈನ್ಸಿಗೆ ಹಾಕು" ಎಂದೆ. ಮನೆಯಲ್ಲಿ ಇಂಜಿನಿಯರ್ ಆದವನು ನಾನೊಬ್ಬನೇ. ನನ್ನ ಮಾತಿಗೆ ಎದುರಿಲ್ಲ. ಅವನು ಪಿಯುಸಿ ಸೈನ್ಸ್ ಹೇಗೋ ದಾಟಿದ. ಇಂಜಿನಿಯರಿಂಗ್ ಸೇರಿ ಎರಡನೇ ವರ್ಷದ ಗಣಿತದಲ್ಲಿ ನಾಲ್ಕು ಸಲ ಬಿದ್ದು, ಒಂದು ದಿನ ಹಾಸಿಗೆ ಸುತ್ತಿಕೊಂಡು ಊರಿಗೆ ಬಂದ. ವರ್ಷಗಟ್ಟಲೆ ನನ್ನೊಡನೆ ಮಾತು ಬಿಟ್ಟ. ಆಮೇಲೆ ತಾನಾಗಿಯೇ ಬಿ.ಎ. ಸೇರಿ, ಎಂ.ಎ. ಮುಗಿಸಿ, ಈಗ ಅತಿಥಿ ಉಪನ್ಯಾಸಕ. ಅವನ ವಯಸ್ಸಿನ ಐದು ವರ್ಷ ನಾನು ತಿಂದೆ. ಆ ಐದು ವರ್ಷ ಇದ್ದಿದ್ದರೆ ಅವನು ಕೆಲವು ನೇಮಕಾತಿಗಳ ವಯೋಮಿತಿ ದಾಟುತ್ತಿರಲಿಲ್ಲ.

ಇದು ನನ್ನೊಬ್ಬನ ತಪ್ಪಲ್ಲ, ನಮ್ಮ ಸಮಾಜದ ರೂಢಿ ಎಂದು ಹೇಳಿ ಜಾರಿಕೊಳ್ಳಬಹುದು. ರೂಢಿ ಹೌದು. ಗಂಡು ಹುಡುಕುವಾಗ "ಇಂಜಿನಿಯರ್ ಇದ್ದಾನೇನು?" ಎಂದು ಕೇಳುವವರು, ಇಂಜಿನಿಯರ್ ಗಂಡಿಗೆ ಬಂಗಾರದ ದರ ಬೇರೆ, ಬಿ.ಎ. ಗಂಡಿಗೆ ಬೇರೆ ಎಂದು ಲೆಕ್ಕ ಹಾಕುವವರು ನಮ್ಮಲ್ಲೇ ಇದ್ದೇವೆ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ಸಭೆಯಲ್ಲಿ ಕೂತು ತಲೆದೂಗುತ್ತೇವೆ, ಮನೆಗೆ ಹೋಗಿ ಮಗನ ಪದವಿಯಲ್ಲಿ ಮೇಲು ಕೀಳು ಮಾಡುತ್ತೇವೆ. ಹನ್ನೆರಡನೇ ಶತಮಾನದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಎಂದು ಹೆಸರಿನ ಮುಂದೆಯೇ ಕೆಲಸ ಹಚ್ಚಿಕೊಂಡವರ ಪರಂಪರೆ ನಮ್ಮದು.

ಇನ್ನೊಂದು ಮಾತು ಇಂಜಿನಿಯರ್ ಆಗಿ ಹೇಳುತ್ತೇನೆ. ನಮ್ಮ ಭಾಗದಲ್ಲಿ ಇಂಜಿನಿಯರಿಂಗ್ ಕಾಲೇಜುಗಳನ್ನು ಕಟ್ಟಿದವರಲ್ಲಿ ಹೆಚ್ಚಿನವರು ಇಂಜಿನಿಯರರಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಆರಂಭಿಸಿದವರು ಏಳು ಜನ ತರುಣ ಶಿಕ್ಷಕರು. ಆ ಸಂಸ್ಥೆ 1947ರಲ್ಲಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಫ.ಗು. ಹಳಕಟ್ಟಿಯವರು ವಿಜಯಪುರದ ವಕೀಲರು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟುವಲ್ಲಿ ಅವರಿದ್ದರು. ಊರೂರು ಅಲೆದು ಓಲೆಗರಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರ ಹೊರತಂದರು. 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭಿಸಿದರು. ಹಸ್ತಪ್ರತಿ ಓದಬಲ್ಲ ಕಣ್ಣು, ಪಾಠ ಪರಿಷ್ಕರಿಸುವ ತಾಳ್ಮೆ ಇವೆಲ್ಲ ಕಲಾ ವಿಭಾಗದ ವಿದ್ಯೆ. ಆ ವಿದ್ಯೆ ಇಲ್ಲದಿದ್ದರೆ ಇವತ್ತು ನಾವು ಕೂತಿರುವ ಈ ಗೋಷ್ಠಿಯಲ್ಲಿ ಓದುವುದಕ್ಕೆ ವಚನಗಳೇ ಇರುತ್ತಿರಲಿಲ್ಲ.

ನಮ್ಮ ಜಿಲ್ಲೆಯದೇ ಒಂದು ಸಂಗತಿ ನನಗೆ ಬಹಳ ಇಷ್ಟ. ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಮೊದಲು ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್. ಕಂಡ, ಅಷ್ಟೇ. ಬಂಡೆಯ ಮೇಲೆ ಗೀರುಗಳಿವೆ ಎಂದು ಅವನಿಗೆ ಗೊತ್ತಾಯಿತು. ಅದು ಬ್ರಾಹ್ಮಿ, ಅದರಲ್ಲಿ ಅಶೋಕ ಎಂಬ ಹೆಸರೇ ಇದೆ, ಉಳಿದ ಶಾಸನಗಳ ದೇವಾನಾಂಪ್ರಿಯ ಯಾರು ಎಂಬುದು ಇದರಿಂದ ಗಟ್ಟಿಯಾಗುತ್ತದೆ ಎಂದು ಓದಿ ಹೇಳಿದವರು ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು. ಇಂಜಿನಿಯರನಿಗೆ ಅದು ಬಂಡೆ, ಓದಬಲ್ಲವನಿಗೆ ಅದು ಚರಿತ್ರೆ. ಆ ಹುಡುಗನನ್ನು ಕಲ್ಲಿನ ಮುಂದಿನಿಂದ ಎಬ್ಬಿಸಿ ಕಳಿಸಿದಾಗ ನನಗೆ ಈ ಕಥೆ ಗೊತ್ತಿರಲಿಲ್ಲ.

ಇಷ್ಟು ಹೇಳಿದ್ದಕ್ಕೆ ಬಿ.ಎ. ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ತಿಳಿಯಬೇಡಿ. ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸಿ ಹೋದರೆ ನನ್ನದು ಇನ್ನೊಂದು ಸಾಲವಾಗುತ್ತದೆ. ಹೋದ ವರ್ಷ ದೇವದುರ್ಗ ಕಡೆಯ ಒಬ್ಬ ಮಗಳು ನನ್ನನ್ನು ಕೇಳಿದಳು: "ಸರ್, ಬಿ.ಎ. ಮುಗಿದ ಮ್ಯಾಲೆ ಏನ್ ಮಾಡಬೇಕ್ರೀ?" ಆಗ ಅವಳು ಆರನೇ ಸೆಮಿಸ್ಟರಿನಲ್ಲಿದ್ದಳು. ಪರೀಕ್ಷೆಗೆ ಒಂದೂವರೆ ತಿಂಗಳು. ಮನೆಯಲ್ಲಿ ಗಂಡು ನೋಡುತ್ತಿದ್ದರು. ಪ್ರಶ್ನೆ ಸರಿಯಾಗಿತ್ತು, ಆದರೆ ಎರಡೂವರೆ ವರ್ಷ ತಡವಾಗಿತ್ತು. ತಪ್ಪು ಅವಳದಲ್ಲ. ಅವಳಿಗೆ ಆ ಪ್ರಶ್ನೆ ಮೊದಲೇ ಕೇಳಬೇಕೆಂದು ಹೇಳುವವರು ಮನೆಯಲ್ಲಿ, ಊರಲ್ಲಿ, ಮಠದಲ್ಲಿ ಯಾರೂ ಇರಲಿಲ್ಲ.

ಒಂದು ಕಾಲುವೆ ತೋಡುವ ಮುಂಚೆ ನಾವು ಲೆವೆಲ್ ತೆಗೆಯುತ್ತೇವೆ. ನೀರು ಎಲ್ಲಿಂದ ಬರುತ್ತದೆ, ನೆಲ ಯಾವ ಕಡೆ ಇಳಿಜಾರು, ಕೊನೆಗೆ ಎಷ್ಟು ಎಕರೆ. ಲೆವೆಲ್ ತೆಗೆಯದೆ ತೋಡಿದರೆ ನೀರು ನಿಂತಲ್ಲೇ ನಿಲ್ಲುತ್ತದೆ. ಪದವಿಯ ಮೂರು ವರ್ಷವೂ ಹಾಗೆಯೇ.

ನಿಮ್ಮ ನೆಲ ಯಾವುದು? 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ದೇವದುರ್ಗವೂ ಇತ್ತು, ಮಾನ್ವಿಯೂ ಇತ್ತು. ಅದು ನಮಗೆ ಅವಮಾನ. ಆದರೆ ಅದೇ ಕಾರಣಕ್ಕೆ, ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ಫಲವಾಗಿ, ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371(ಜೆ) ವಿಧಿ ಬಂತು. 2013ರಿಂದ ನಮ್ಮ ಭಾಗದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಎ ಮತ್ತು ಬಿ ಗುಂಪಿಗೆ ನೂರಕ್ಕೆ 75, ಸಿ ಗುಂಪಿಗೆ 80, ಡಿ ಗುಂಪಿಗೆ 85ರಷ್ಟು ಇಲ್ಲಿನವರಿಗೇ ಮೀಸಲು. ರಾಜ್ಯಮಟ್ಟದ ಕಚೇರಿಗಳಲ್ಲಿ ನೂರಕ್ಕೆ 8. ಈ ಸಭೆಯಲ್ಲಿ ಎಷ್ಟು ಜನ 371(ಜೆ) ಅರ್ಹತಾ ಪ್ರಮಾಣಪತ್ರ ಮಾಡಿಸಿದ್ದೀರಿ, ಕೈ ಎತ್ತಿ. (ಹನ್ನೊಂದು ಕೈಗಳು.) ನೋಡಿ, ಇನ್ನೂರಕ್ಕಿಂತ ಹೆಚ್ಚು ಜನ ಇದ್ದೀರಿ. ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯಬೇಕಾದ ಒಂದು ಕಾಗದ. ಅರ್ಜಿ ಹಾಕುವ ಕೊನೆಯ ವಾರದಲ್ಲಿ ಓಡಿ, ವ್ಯಾಸಂಗ ಪ್ರಮಾಣಪತ್ರದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದೆ ಎಂದು ಮತ್ತೆ ಶಾಲೆಗೆ ಓಡಿ, ಅಷ್ಟರಲ್ಲಿ ದಿನಾಂಕ ಮುಗಿದವರನ್ನು ನಾನು ಕಂಡಿದ್ದೇನೆ. ಮೊದಲ ವರ್ಷದ ದಸರಾ ರಜೆಯಲ್ಲೇ ಇದನ್ನು ಮುಗಿಸಿ.

ಇನ್ನು ನೀರಿನ ಹರಿವು. ನಮ್ಮ ಬಿ.ಎ. ಮಕ್ಕಳಲ್ಲಿ ಹತ್ತರಲ್ಲಿ ಎಂಟು ಮಂದಿಯನ್ನು ಕೇಳಿದರೆ "ಕಾಂಪಿಟೇಟಿವ್ ಎಕ್ಸಾಂ ಬರೀತೀನಿ ಸರ್" ಎನ್ನುತ್ತಾರೆ. ಬರೆಯಿರಿ. ಕೆಎಎಸ್, ಪ್ರಥಮ ದರ್ಜೆ ಸಹಾಯಕ, ಪಿಡಿಒ, ಪಿಎಸ್‌ಐ, ಗ್ರಾಮೀಣ ಬ್ಯಾಂಕ್ ಎಲ್ಲಕ್ಕೂ ಯಾವುದೇ ಪದವಿ ನಡೆಯುತ್ತದೆ. ಗ್ರಾಮೀಣ ಬ್ಯಾಂಕಿನ ಪರೀಕ್ಷೆಯನ್ನು ಈಗ ಕನ್ನಡದಲ್ಲೇ ಬರೆಯಬಹುದು. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಳ್ಳಬಹುದು. ಆದರೆ ಆ ಕಾಲುವೆಯಲ್ಲಿ ನೀರು ಯಾವಾಗ ಬಿಡುತ್ತಾರೆ ಎಂಬುದು ನಿಮ್ಮ ಕೈಯಲ್ಲಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ನೇಮಕಾತಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದ ಹುಡುಗನಿಗೆ ಎರಡು ವರ್ಷ ಮೂರು ತಿಂಗಳು ಹೋಯಿತು. ಧಾರವಾಡದಲ್ಲಿ, ವಿಜಯಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಏಳೆಂಟು ವರ್ಷದಿಂದ ಓದುತ್ತಿರುವವರು ನಮ್ಮ ಮನೆಗಳಲ್ಲೂ ಇದ್ದಾರೆ. ಅಪ್ಪ ಪ್ರತಿ ತಿಂಗಳು ಹತ್ತಿ, ಭತ್ತ ಮಾರಿದ ದುಡ್ಡು ಕಳಿಸುತ್ತಾನೆ. ಹಬ್ಬಕ್ಕೆ ಊರಿಗೆ ಬರಲು ಆ ಹುಡುಗನಿಗೆ ನಾಚಿಕೆ.

ಅದಕ್ಕೆ ನನ್ನ ಸಲಹೆ ಕಠಿಣವಾಗಿ ಕೇಳಬಹುದು. ಓದಲು ಕೂಡುವ ದಿನವೇ ಎದ್ದು ಬರುವ ದಿನಾಂಕ ಬರೆದಿಡಿ. ಎರಡು ವರ್ಷವೋ ಮೂರು ವರ್ಷವೋ ಮನೆಯವರೆದುರು ಕೂತು ತೀರ್ಮಾನಿಸಿ, ಹಾಳೆಯ ಮೇಲೆ ಬರೆದು ದೇವರ ಗೂಡಿನಲ್ಲಿಡಿ. ನಾವು ಪ್ರತಿ ಕಾಮಗಾರಿಗೂ ಮುಕ್ತಾಯದ ದಿನಾಂಕ ಬರೆಯುತ್ತಿದ್ದೆವು. ಎಷ್ಟು ಕಾಮಗಾರಿ ಆ ದಿನಕ್ಕೆ ಮುಗಿದವು ಎಂದು ಕೇಳಬೇಡಿ, ಆ ಮಾತು ಬೇರೆ. ದಿನಾಂಕ ಇದ್ದರೆ ಕನಿಷ್ಠ ಕೇಳುವವರಿರುತ್ತಾರೆ. ಆ ದಿನ ಬಂದಾಗ ಎದ್ದು ಬಂದವನನ್ನು ಸೋತವನೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ, ಪಾಲಕರೂ ಇದನ್ನು ಕೇಳಿಸಿಕೊಳ್ಳಿ.

ಕಾಯುವ ಆ ವರ್ಷಗಳಲ್ಲಿ ಕೈಯಲ್ಲಿ ಒಂದು ಕೆಲಸ ಇರಬೇಕು. ಕನ್ನಡ ಮತ್ತು ಇಂಗ್ಲಿಷ್ ಟೈಪಿಂಗ್ ಕಲಿಯಿರಿ. ಶೀಘ್ರಲಿಪಿ ಈಗ ಯಾರೂ ಕಲಿಯುವುದಿಲ್ಲ, ನ್ಯಾಯಾಲಯಗಳು ಮಾತ್ರ ಶೀಘ್ರಲಿಪಿಗಾರರನ್ನು ಇನ್ನೂ ಕರೆಯುತ್ತಲೇ ಇವೆ. ಹೊಸ ಪದವೀಧರರಿಗೆ ಕೆಲಸ ಸಿಗುವವರೆಗೆ, ಹೆಚ್ಚೆಂದರೆ ಎರಡು ವರ್ಷ, ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಬರುತ್ತದೆ. ಅದು ಮೊಬೈಲ್ ಕಂತಿಗೆ ಹೋದರೆ ಹೋಯಿತು, ಟೈಪಿಂಗ್ ಶುಲ್ಕಕ್ಕೆ, ಪುಸ್ತಕಕ್ಕೆ ಹೋದರೆ ಉಳಿಯಿತು.

ಮೇಷ್ಟ್ರಾಗಬೇಕೆನ್ನುವವರು ವಿಷಯಗಳ ಆಯ್ಕೆಯನ್ನು ಮೊದಲ ವರ್ಷವೇ ಎಚ್ಚರದಿಂದ ಮಾಡಬೇಕು. ಶಾಲೆಯಲ್ಲಿ ಕಲಿಸುವ ವಿಷಯಗಳು ನಿಮ್ಮ ಪದವಿಯಲ್ಲಿ ಇರಬೇಕು. ಗೆಳತಿ ತೆಗೆದುಕೊಂಡಳೆಂದು ನೀವೂ ತೆಗೆದುಕೊಂಡರೆ ಬಿ.ಎಡ್. ಮುಗಿದ ಮೇಲೆ ಅರ್ಹತೆ ಇಲ್ಲ ಎಂಬ ಉತ್ತರ ಬರುತ್ತದೆ. ಬಿ.ಎಡ್. ಈಗ ಎರಡು ವರ್ಷ, ಆರರಿಂದ ಎಂಟನೇ ತರಗತಿಗೆ ಟಿಇಟಿ ಕೂಡ ಬೇಕು. ಹಿಂದಿನ ನೇಮಕಾತಿ ಅಧಿಸೂಚನೆಯನ್ನು ಪೂರ್ತಿ ಓದಿ, ಬೇರೆಯವರು ಹೇಳಿದ್ದನ್ನು ನಂಬಬೇಡಿ, ನಾನು ಹೇಳಿದ್ದನ್ನೂ ನಂಬಬೇಡಿ. ಎಂ.ಎ. ಬಗ್ಗೆ ಒಂದೇ ಮಾತು. ಯರಗೇರಾದಲ್ಲಿ ಮೊದಲು ಸ್ನಾತಕೋತ್ತರ ಕೇಂದ್ರವಿತ್ತು, ಈಗ ಅದು ವಿಶ್ವವಿದ್ಯಾಲಯ. ಮನೆ ಹತ್ತಿರವಿದೆ, ಬೇರೆ ಏನೂ ತೋಚಲಿಲ್ಲ ಎಂದು ಎಂ.ಎ. ಸೇರಬೇಡಿ. ನೆಟ್ ಅಥವಾ ಕೆ-ಸೆಟ್ ಇಲ್ಲದ ಎಂ.ಎ. ಎಲ್ಲಿ ತಂದು ನಿಲ್ಲಿಸುತ್ತದೆ ಎಂಬುದಕ್ಕೆ ನಮ್ಮ ಮನೆಯಲ್ಲೇ ಉದಾಹರಣೆ ಇದೆ. ವರ್ಷಕ್ಕೊಮ್ಮೆ ಹೊಸದಾಗಿ ಅರ್ಜಿ, ಕೆಲಸ ಇದೆಯೋ ಇಲ್ಲವೋ ಎಂಬ ಎದೆಬಡಿತ. ವಕೀಲಿಕೆಗೆ ಪದವಿಯ ಮೇಲೆ ಮೂರು ವರ್ಷ, ಕಾನೂನು ಕಾಲೇಜು ರಾಯಚೂರಿನಲ್ಲೇ ಇದೆ.

ಇನ್ನೊಂದು ದಾರಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. 2024ರ ಆಗಸ್ಟ್ 27ರಂದು ಕೆಎಎಸ್‌ನ 384 ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಯಿತು. ಪ್ರಶ್ನೆಗಳ ಕನ್ನಡ ಅನುವಾದ ಎಷ್ಟು ಕೆಟ್ಟದಾಗಿತ್ತೆಂದರೆ ಡಿಸೆಂಬರ್ 29ರಂದು ಮತ್ತೆ ಪರೀಕ್ಷೆ ಮಾಡಬೇಕಾಯಿತು. ಅದರ ಅನುವಾದದ ಬಗ್ಗೆಯೂ ದೂರು ಬಂತು. ಒಂದು ರಾಜ್ಯದ ಅತಿ ದೊಡ್ಡ ಪರೀಕ್ಷೆಗೆ ಒಳ್ಳೆಯ ಕನ್ನಡ ಸಿಗಲಿಲ್ಲ! ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಗಡಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು ಮಾತಾಡಿಕೊಂಡು ಬೆಳೆದವರು. ಇಂಗ್ಲಿಷ್ ಒಂದನ್ನು ಗಟ್ಟಿ ಮಾಡಿಕೊಂಡರೆ ಅನುವಾದದ ಕೆಲಸಕ್ಕೆ ಇವರಿಗಿಂತ ಒಳ್ಳೆಯವರು ಯಾರು? ದಿನಕ್ಕೆ ಒಂದು ಪುಟ ಪತ್ರಿಕೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಮೇಷ್ಟ್ರಿಗೆ ತೋರಿಸಿ. ಮೂರು ವರ್ಷಕ್ಕೆ ಸಾವಿರ ಪುಟ ಆಗುತ್ತದೆ.

ಕಲಾ ವಿಭಾಗದ ವಿದ್ಯೆ ಕೆಲಸಕ್ಕೆ ಬರುತ್ತದೆ ಎಂದು ನಾನು ಕಣ್ಣಾರೆ ಕಂಡದ್ದು ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ. ಮಾನ್ವಿ ತಾಲ್ಲೂಕಿನವರಿಗೆ ವಿವರಿಸಬೇಕಾಗಿಲ್ಲ. ಮೇಲ್ಭಾಗದವರು ಭತ್ತಕ್ಕೆ ನೀರು ನಿಲ್ಲಿಸಿಕೊಂಡರೆ ಕೊನೆ ಭಾಗದ ಹೊಲ ಒಣಗುತ್ತದೆ. ಒಂದು ಉಪಕಾಲುವೆಯಲ್ಲಿ ನಾನು ಮೂರು ಹಂಗಾಮು ಲೆಕ್ಕ ಹಾಕಿ ಸೋತೆ. ಕಾಗದದ ಮೇಲೆ ನೀರು ಕೊನೆಯ ತೂಬಿಗೆ ಮುಟ್ಟುತ್ತಿತ್ತು, ಹೊಲದಲ್ಲಿ ಮುಟ್ಟುತ್ತಿರಲಿಲ್ಲ. ರಾತ್ರಿ ತೂಬು ಒಡೆಯುವವರು, ಹಗಲು ನಮ್ಮ ಗ್ಯಾಂಗ್‌ಮನ್‌ಗಳನ್ನು ಬೈಯುವವರು. ಅಲ್ಲಿನ ನೀರು ಬಳಕೆದಾರರ ಸಹಕಾರ ಸಂಘಕ್ಕೆ ಸಮಾಜಶಾಸ್ತ್ರದಲ್ಲಿ ಬಿ.ಎ. ಮಾಡಿದ ಒಬ್ಬ ಹುಡುಗ ಕಾರ್ಯದರ್ಶಿಯಾಗಿ ಬಂದ. ಅವನು ಮೊದಲ ತಿಂಗಳು ಕಾಲುವೆಯ ಕಡೆ ಬರಲೇ ಇಲ್ಲ. ಮನೆ ಮನೆಗೆ ಹೋಗಿ ಕೂತ. ಯಾರ ಹೊಲ ಯಾರಿಗೆ ಪಾಲಿಗಿದೆ, ಯಾವ ಎರಡು ಮನೆಗಳ ನಡುವೆ ಮಾತಿಲ್ಲ, ರಾತ್ರಿ ಸರದಿ ಬಂದರೆ ಗಂಡಸರಿಲ್ಲದ ಮನೆಯ ಹೆಣ್ಣುಮಗಳು ಏನು ಮಾಡಬೇಕು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದ. ಆಮೇಲೆ ಸರದಿ ಪಟ್ಟಿ ಮಾಡಿದ. ವಿಧವೆಯರಿಗೆ ಹಗಲು ಸರದಿ ಬಂತು. ಮಾತಿಲ್ಲದ ಎರಡು ಮನೆಗಳ ನಡುವೆ ಮೂರನೆಯವನ ಸರದಿ ಬಂತು. ಆ ವರ್ಷ ಕೊನೆಯ ತೂಬಿಗೆ ನೀರು ಹೋಯಿತು. ನನ್ನ ಲೆಕ್ಕದಲ್ಲಿ ಒಂದು ಅಂಕಿಯನ್ನೂ ಅವನು ಬದಲಿಸಿರಲಿಲ್ಲ.

ಹೆಣ್ಣುಮಕ್ಕಳ ತಂದೆ ತಾಯಿಗಳಿಗೆ ಒಂದು ವಿನಂತಿ. ಕಾಲೇಜು ದೂರ, ಬಸ್ಸಿಗೆ ದುಡ್ಡಿಲ್ಲ ಎಂಬ ನೆಪ 2023ರ ಜೂನ್‌ನಿಂದ ಹೋಗಿದೆ, ಸರಕಾರಿ ಬಸ್ಸು ಅವರಿಗೆ ಉಚಿತ. ಬಿ.ಎ.ಯನ್ನು ಮದುವೆಯವರೆಗೆ ಹೊತ್ತು ಕಳೆಯುವ ಪದವಿ ಎಂದು ನೋಡಬೇಡಿ. ನಮ್ಮದೇ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೆ ಬೇಡ, ತಂದಲ್ಲೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದವಳು. ಎಷ್ಟು ಸಾಕು ಎಂದು ಅಳೆಯುವ ತೀರ್ಮಾನ ಆ ಮನೆಯಲ್ಲಿ ಅವಳದಾಗಿತ್ತು. ನಿಮ್ಮ ಮಗಳಿಗೆ ತನ್ನ ಓದಿನ ಬಗ್ಗೆ ಅಷ್ಟೂ ತೀರ್ಮಾನಿಸುವ ಅಧಿಕಾರ ಬೇಡವೇ?

ಪೂಜ್ಯರು ಕ್ಷಮಿಸಬೇಕು, ಮಠಗಳಿಗೂ ಒಂದು ಮಾತಿದೆ. ಕಲ್ಯಾಣ ಮಂಟಪಗಳನ್ನು ನಾವು ಸಾಕಷ್ಟು ಕಟ್ಟಿದ್ದೇವೆ. ಕೆಲವದರ ಅಂದಾಜು ಪಟ್ಟಿ ನಾನೇ ಮಾಡಿಕೊಟ್ಟಿದ್ದೇನೆ. ಮದುವೆ ಇಲ್ಲದ ತಿಂಗಳುಗಳಲ್ಲಿ ಅವಕ್ಕೆ ಬೀಗ. ಅದರ ಒಂದು ಕೋಣೆಗೆ ಇಪ್ಪತ್ತು ಕುರ್ಚಿ, ಎರಡು ಟ್ಯೂಬ್‌ಲೈಟು, ದಿನಪತ್ರಿಕೆ, ಒಂದು ಕಂಪ್ಯೂಟರ್ ಹಾಕಿದರೆ ವಾಚನಾಲಯವಾಗುತ್ತದೆ. ಖರ್ಚು ಒಂದು ಪಲ್ಲಕ್ಕಿ ಉತ್ಸವದ ಹೂವಿನಷ್ಟೂ ಆಗುವುದಿಲ್ಲ. ಅಲ್ಲಿ ಯಾವ ಜಾತಿಯ ಮಗು ಬಂದು ಕೂತರೂ ಹೆಸರಿನ ಹೊರತು ಬೇರೇನೂ ಕೇಳಬಾರದು. ಅನುಭವ ಮಂಟಪದ ಹೆಸರು ಹೇಳುವ ನಾವು ಇಷ್ಟಾದರೂ ಮಾಡಬೇಕು.

ನನ್ನ ಪಾಲಿನದು ಹೇಳಿ ಮುಗಿಸುತ್ತೇನೆ. ನಾನೂ, ನಿವೃತ್ತ ಕನ್ನಡ ಮೇಷ್ಟ್ರು ಒಬ್ಬರೂ ಪ್ರತಿ ತಿಂಗಳ ಮೊದಲ ಭಾನುವಾರ ಮಾನ್ವಿಯಲ್ಲಿ, ಮೂರನೇ ಭಾನುವಾರ ದೇವದುರ್ಗದಲ್ಲಿ ಬೆಳಿಗ್ಗೆ ಹತ್ತಕ್ಕೆ ಕೂಡುತ್ತೇವೆ. ಸ್ಥಳವನ್ನು ಕಾಲೇಜಿನ ಫಲಕದಲ್ಲಿ ಹಾಕಿಸುತ್ತೇವೆ. ಬರುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಆಧಾರ್ ತನ್ನಿ, ಮೊದಲು 371(ಜೆ) ಅರ್ಜಿ ತುಂಬೋಣ. ಹೆಸರಿನ ಅಕ್ಷರ ಮೂರು ಕಡೆಯೂ ಒಂದೇ ಇದೆಯೇ ಎಂದು ಇವತ್ತು ಮನೆಗೆ ಹೋಗಿ ನೋಡಿ. ಆ ದೇವದುರ್ಗದ ಮಗಳು ಬಿ.ಎಡ್. ಸೇರಿದ್ದಾಳೆ. ಮದುವೆಯನ್ನು ಎರಡು ವರ್ಷ ಮುಂದೂಡಲು ಅವಳ ತಂದೆಯನ್ನು ಒಪ್ಪಿಸಿದ್ದು ನಾನಲ್ಲ, ನನ್ನ ತಂಗಿಯ ಮಗ. ಅತಿಥಿ ಉಪನ್ಯಾಸಕನ ಆ ಸಂಬಳದಲ್ಲೇ ಬಸ್ಸು ಹಿಡಿದು ಎರಡು ಸಲ ಅವರ ಊರಿಗೆ ಹೋಗಿ ಬಂದ. ಇವತ್ತು ಬರಬೇಕೆಂದಿದ್ದ, ಕೆ-ಸೆಟ್‌ಗೆ ಓದುತ್ತಾ ಕೂತಿದ್ದಾನೆ.